ಗಂಡನ ಹೆಸರಿನ ಕೀಲಿ

ನಮ್ಮ ರೊಟ್ಟಿ ಗಿರಾಕಿಗಳೆಲ್ಲಾ ಕ್ಲೌಡ್ ಏರಿದರು! ಏರಿಸಿದವಳು ಮೊಮ್ಮಗಳು ಸಹನಾ. ಕೀಲಿ ಹಾಕಿದವಳು ನಾನು. ಶಾಲೆಯಲ್ಲಿ ಮೂರನೇ ಇಯತ್ತೆ ದಾಟದ ಮುದುಕಿ ಇಷ್ಟು ದೊಡ್ಡ ಕೆಲಸ ಮಾಡಿದ್ದು ಪುಣೆ ಹತ್ತಿರದ ನಮ್ಮ ದೇಹೂ ರೋಡಿನ ಮಂದಿಗೆಲ್ಲಾ ಗೊತ್ತಾಗಲಿ ಅಂತ ಬರೀತೇನೆ. ಗೊತ್ತಾಗಬಾರದ್ದು ಹೆಂಗೂ ಗೊತ್ತಾಗಿಬಿಟ್ಟದ.

ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರೋದು ನಮ್ಮ ಉದ್ಯೋಗ. ಗಿರಾಕಿಗಳ ಹೆಸರು, ಫೋನ್ ನಂಬರು, ವಿಳಾಸ ಎಲ್ಲಾ ಹಳೇ ಕಂಪ್ಯೂಟರಿನಾಗ ಇದ್ದವು. ಅದು ಈಗ ಶೇಂಗಾ ಹುರಿದಂಗ ಸಪ್ಪಳ ಮಾಡತದ. ಅದು ಸತ್ತರೆ ಗಿರಾಕಿಗಳೂ ಹೋದರು. ಅದಕ್ಕೇ ಕ್ಲೌಡಿಗೆ ಹಾಕೋಣ ಅಂದಳು ಸಹನಾ. ಕ್ಲೌಡ್ ಅಂದರೆ ದೂರದ ಯಾವುದೋ ಕಂಪನಿಯ ದೊಡ್ಡ ಕಂಪ್ಯೂಟರಂತೆ. ಸಾಮಾನು ಅಲ್ಲಿ, ಕೀಲಿಕೈ ನಮ್ಮಲ್ಲಿ.

"ಅಜ್ಜಿ, ವ್ಯಾಪಾರ ನಿಂದು, ಪಾಸ್‌ವರ್ಡೂ ನೀನ ಇಡು. ಗಿರಾಕಿಗಳೊಳಗ ಮನಿಯಾಗ ಒಬ್ಬೊಬ್ಬರೇ ಇರೋ ಹೆಣ್ಣಮಕ್ಕಳ ಅದಾರ. ಅವರ ವಿಳಾಸ ಕಂಡವರ ಕೈಗೆ ಸಿಗಬಾರದು. ಪ್ರಾಣ ಹೋದರೂ ನಿನ್ನ ಬಾಯಿಂದ ಹೊರಗ ಬರಲಾರದಂಥಾದ್ದು ಇಡು."

ಅಂಥಾದ್ದು ನನ್ನ ಹತ್ತಿರ ಒಂದೇ ಇತ್ತು. ನಮ್ಮ ಯಜಮಾನರ ಹೆಸರು! ಮದುವೆಯಾದಾಗಿನಿಂದ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಒಂದೊಂದೇ ಗುಂಡಿ ಹುಡುಕಿ ಒತ್ತಿದೆ. ಸಹನಾ ಸಹ ಆ ಕಡೆ ಮುಖ ತಿರುಗಿಸಿ ಕೂತಿದ್ದಳು. ಎಂಥ ಭದ್ರತೆ!

ಮರುದಿನ ಸಹನಾ ರೊಟ್ಟಿ ಮುಟ್ಟಿಸಲು ಹೋದಳು. ನಾನು ಹಿಟ್ಟು ನಾದುತ್ತಿದ್ದೆ. ಎದುರುಮನೆಯ ಮರಾಠಿ ಹೆಣ್ಣುಮಗಳು ಶಿಂದೆ ವಹಿನಿ, ಇನ್ನೂ ನಾಲ್ಕು ಹೆಣ್ಣುಮಕ್ಕಳು ಚಟ್ನಿ ತುಂಬುತ್ತಿದ್ದರು. ಫೋನು ಬಂತು. ನನ್ನ ಕೈಯೆಲ್ಲಾ ಹಿಟ್ಟಾದದ್ದು ನೋಡಿ ವಹಿನಿಯೇ ಸ್ಪೀಕರ್ ಹಚ್ಚಿದರು.

"ಅಜ್ಜಿ, ಗಿರಾಕಿ ಮನಿ ಸಿಗವಲ್ದು. ವಿಳಾಸ ನೋಡಬೇಕು, ಪಾಸ್‌ವರ್ಡ್ ಕೇಳಾಕತ್ತದ. ಲಗೂ ಹೇಳು."

"ಹೆಂಗ ಹೇಳಲವ್ವಾ?"

"ಬಾಯಿಲೆ ಹೇಳು."

"ಬಾಯಿಂದ ಬರಲಾರದ್ದ ಇಡು ಅಂದಾಕಿ ನೀನ ಅಲ್ಲೇನ?"

"ನನಗ ಹೇಳಬಹುದು, ಅಜ್ಜಿ. ಬಿಸಲಾಗ ನಿಂತೀನಿ."

ಯಜಮಾನರು ಪೇಪರಿನಿಂದ ತಲೆ ಎತ್ತಿದರು. "ಹೇಳಿಬಿಡಬಾರದೇನ, ಹುಡುಗಿ ಕಾಯಾಕತ್ತಾಳ."

ಅದನ್ನ ಅವರೇ ಹೇಳಬೇಕೆ!

ನಮ್ಮಲ್ಲಿ ಗಂಡನ ಹೆಸರು ಬರಿದೇ ಹೇಳಬಾರದು. ಪ್ರಾಸ ಹಚ್ಚಿ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಧರ್ಮಸಂಕಟಕ್ಕೆ ದಾರಿ ಸಿಕ್ಕಿತು. ಆದರೆ ಒಡಪನ್ನು ಪಿಸುಮಾತಿನಲ್ಲಿ ಹೇಳುವ ಪದ್ಧತಿ ಎಲ್ಲೂ ಇಲ್ಲ. ಗಂಟಲು ಬಿಟ್ಟು ಹೇಳಿದೆ:

"ಜ್ವಾಳದ ರೊಟ್ಟಿ ಬಡೀತೀನಿ ದುಂಡಗ,
ಬೆಣ್ಣಿ ಹಚ್ಚಿ ಕೊಡತೀನಿ ಗುರುಪಾದಪ್ಪ ಅನ್ನೋ ಗಂಡಗ!"

ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದರು. ಮರಾಠಿಯಲ್ಲೂ ಈ ಪದ್ಧತಿ ಉಂಟಲ್ಲ, ವಹಿನಿ "ಪುನ್ಹಾ, ಪುನ್ಹಾ" ಅಂದರು. ಪುನಃ ಹೇಳಿದೆ. ಫೋನಿನ ಆ ಕಡೆಯಿಂದಲೂ ಚಪ್ಪಾಳೆ ಬಂತು. ಸಹನಾಳೂ ಸ್ಪೀಕರ್ ಹಚ್ಚಿಕೊಂಡು ಅಪಾರ್ಟ್ಮೆಂಟ್ ಸೊಸೈಟಿಯ ಗೇಟಿನಲ್ಲಿ ನಿಂತಿದ್ದಳು. ಕಾವಲುಗಾರರು ಕೇಳಿ ಖುಷಿಯಾಗಿದ್ದರು.

"ಅಜ್ಜಿ, ಇಡೀ ಊರಿಗೇ ಪಾಸ್‌ವರ್ಡ್ ಹಂಚಿದಿ."

"ನಾ ನನ್ನ ಗಂಡನ ಹೆಸರ ಹೇಳೇನಿ. ಅದ ಪಾಸ್‌ವರ್ಡ್ ಅಂತ ಹೇಳಿದಾಕಿ ನೀನು," ಅಂದೆ.

ಪುಣ್ಯಕ್ಕೆ ಸಹನಾ ಅಲ್ಲೇ ನಿಂತು ಕೀಲಿ ಬದಲಿಸಿದಳು. ರೊಟ್ಟಿ ಮುಟ್ಟಿತು. ಯಾರ ವಿಳಾಸವೂ ಯಾರ ಕೈಗೂ ಸಿಗಲಿಲ್ಲ.

ಸಂಜೆ ಮಗ, ಸೊಸೆ, ಎಲ್ಲರೂ ಕೂಡಿ ಊಟಕ್ಕೆ ಕೂತೆವು. ಯಜಮಾನರು ರೊಟ್ಟಿ ಮುರಿಯದೆ ನನ್ನನ್ನೇ ನೋಡುತ್ತಿದ್ದರು.

"ಬೆಣ್ಣಿ ಎಲ್ಲಿ? ಊರ ಮುಂದ ಮಾತ ಕೊಟ್ಟೀದಿ."

ನಾಚಿಕೊಂಡು ಹಚ್ಚಿಕೊಟ್ಟೆ. ಆಮೇಲೆ ಉದ್ಯೋಗದ ಯಜಮಾನಿಯ ಗತ್ತಿನಲ್ಲಿ ಸಹನಾಳನ್ನು ಕೇಳಿದೆ:

"ಹೊಸಾ ಪಾಸ್‌ವರ್ಡ್ ಏನವ್ವಾ?"

ಆಕಿ ಅರ್ಧ ರೊಟ್ಟಿ ಒಮ್ಮೆಲೇ ಬಾಯಿಗೆ ತುರುಕಿಕೊಂಡಳು. ಊಟ ಮುಗಿದರೂ ಆ ತುತ್ತು ಮುಗಿಯಲಿಲ್ಲ.