ದೋಣಿಗೆ ಮೊದಲ ಕೋಟು

ದೋಣಿ ಕಟ್ಟುವವರ ಊರಾದ ವಿಂಡ್‌ವರ್ಡಿನಲ್ಲಿ ಹುಟ್ಟಿದ ಗಂಡಸಿಗೆ ದೋಣಿಯ ವಿಷಯದಲ್ಲಿ ‘ಗೊತ್ತಿಲ್ಲ’ ಎನ್ನುವ ಹಕ್ಕಿಲ್ಲ. ಎಗ್ಬರ್ಟನ ಅಂದಿನ ಪಜೀತಿಗೆಲ್ಲ ಮೂಲ ಇದೇ. ಅವನ ಅಜ್ಜ ಮರದ ದೋಣಿ ಕಟ್ಟಿದವನು, ಅಪ್ಪ ಕಟ್ಟಿದವನು, ದೊಡ್ಡಪ್ಪಂದಿರು ಈಗಲೂ ಕಟ್ಟುತ್ತಿದ್ದರು. ಎಗ್ಬರ್ಟ್ ಮಾತ್ರ ಬ್ರೆಡ್ ಬೇಯಿಸುತ್ತಿದ್ದ.

ಹೋಗಲಿ ಎಂದರೆ ಹೆಂಡತಿಯ ಅಣ್ಣ ಹಡ್ಸನ್ ಬಿಡಬೇಕಲ್ಲ! ಅವರ ಕ್ಯಾರಿಯಾಕೂ ದ್ವೀಪದ ದೋಣಿ ಪಂದ್ಯ ಬಂತೆಂದರೆ ಸಾಕು, ಎಗ್ಬರ್ಟನನ್ನು ತನ್ನ ಮರದ ದೋಣಿಯ ತಳದಲ್ಲಿ ಕೂರಿಸಿ, ಒಳಗೆ ನುಗ್ಗಿದ ನೀರನ್ನು ಎತ್ತಿ ಹೊರಗೆ ಚೆಲ್ಲುವ ಕೆಲಸ ಕೊಡುತ್ತಿದ್ದ. ದಡದಲ್ಲಿ ಇಡೀ ಊರು ನಿಂತು “ಚೆಲ್ಲೋ ಎಗ್ಬರ್ಟಾ, ಚೆಲ್ಲು!” ಎಂದು ಕೂಗುತ್ತಿತ್ತು. ಆ ಕೂಗಿನಿಂದ ಪಾರಾಗಲೆಂದೇ ಅವನು ಹಳೆಯದೊಂದು ಫೈಬರ್ ಗ್ಲಾಸ್ ಹಾಯಿದೋಣಿ ಕೊಂಡಿದ್ದ. ಈ ಭಾನುವಾರ ಸ್ವಂತ ದೋಣಿಯಲ್ಲಿ, ತಾನೇ ಚುಕ್ಕಾಣಿ ಹಿಡಿದು ಪಂದ್ಯಕ್ಕೆ ಇಳಿಯಬೇಕು. ಆದರೆ ದೋಣಿಯ ಮೈಯೆಲ್ಲ ಬಣ್ಣ ಎದ್ದಿತ್ತು. ಪಂದ್ಯದ ಸಮಿತಿಯವರು ಸುತ್ತು ಹಾಕಿ ನೋಡಿ, “ಬಣ್ಣ ಬಳಿದು ತಂದ್ರೆ ಹೆಸರು ಸೇರಿಸ್ತೀವಿ” ಎಂದು ಹೇಳಿ ಹೋಗಿದ್ದರು. ಉಜ್ಜಿ ನಯ ಮಾಡಿದ್ದಾಯಿತು. ಇವತ್ತು ಬಣ್ಣಕ್ಕೆ ಮುಂಚಿನ ಮೊದಲ ಕೋಟು, ಅಂದರೆ ಪ್ರೈಮರ್, ಹಚ್ಚಲೇಬೇಕು. ಯಾವ ಪ್ರೈಮರ್?

ಬೆಳಿಗ್ಗೆ ದೋಣಿಗಳನ್ನು ನಿಲ್ಲಿಸುವ ಅಂಗಳಕ್ಕೆ ಬಂದು ನಿಂತದ್ದೇ ತಡ, ಮುದುಕ ಗಿಫ್ಟನ್ ಮಾವ ಪೈಪು ಕಚ್ಚಿಕೊಂಡು ಹಾಜರಾದ.

“ಈ ಪ್ಲಾಸ್ಟಿಕ್ ಬೋಗುಣಿಗೆ ಪ್ರೈಮರ್ ಬೇರೆ ಕೇಡು! ಕೆಂಪು ಸೀಸದ ಬಣ್ಣ ಬಳಿಯೋ. ನಿಮ್ಮಪ್ಪ ಬೇರೆ ಏನನ್ನಾದ್ರೂ ಕೈಯಲ್ಲಿ ಮುಟ್ಟಿದ್ನಾ?”

“ಅದು ಮರಕ್ಕೆ ಮಾವ. ಇದು ಫೈಬರ್ರು.”

“ಗೋಡೆ ಪ್ರೈಮರ್ ಹಚ್ಚಪ್ಪಾ ಸುಮ್ನೆ,” ಎಂದಳು ಮೀನಿನ ವಡೆ ಮಾರುವ ಮೆರ್ಲಕ್ಕ, ಬುಟ್ಟಿ ಇಳಿಸುತ್ತ. “ನನ್ನ ಅಳಿಯ ನಮ್ಮ ಫ್ರಿಜ್ಜಿಗೆ ಅದನ್ನೇ ಹಚ್ಚಿದ. ಇವತ್ತಿಗೂ ಒಂದು ಚಕ್ಕೆ ಎದ್ದಿಲ್ಲ.”

“ನಿನ್ನ ಫ್ರಿಜ್ಜು ಸಮುದ್ರಕ್ಕೆ ಇಳಿಯುತ್ತೇನೇ?” ಎಂದು ಗಿಫ್ಟನ್ ಮಾವ ರೇಗಿದ.

ಇಬ್ಬರಿಗೂ ಜಗಳ ಹತ್ತಿಕೊಂಡಿತು. ಎಗ್ಬರ್ಟ್ ಮೆಲ್ಲಗೆ ಜಾರಿಕೊಂಡು ಬಣ್ಣದಂಗಡಿಗೆ ಓಡಿದ.

ಅಲ್ಲಿ ಇನ್ನೊಂದು ಸಂಕಟ. ಒಂದು ಕಡೆ ಒಂದೇ ಡಬ್ಬಿಯ ಪ್ರೈಮರ್, ಇನ್ನೊಂದು ಕಡೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್. ಕೇಳೋಣವೆಂದರೆ ಅಂಗಡಿಯ ಹುಡುಗಿ, “ವಿಂಡ್‌ವರ್ಡಿನವರಿಗೆ ನಾನೇನು ಹೇಳೋದು ಬಿಡಿ ಅಂಕಲ್” ಎಂದು ನಕ್ಕುಬಿಟ್ಟಳು. ಅವನು ಗೊತ್ತಿದ್ದವನಂತೆ ತಲೆಯಾಡಿಸಿ ಡಬ್ಬಿಗಳತ್ತ ತಿರುಗಿದ. ಹೊಸ ಚಪ್ಪಲಿ ಬೇರೆ ಕಚ್ಚುತ್ತಿತ್ತು. ಎಪಾಕ್ಸಿ ಡಬ್ಬಿಗಳ ಮೇಲೆ ಕೈಯೂರಿ, ಹುಬ್ಬು ಗಂಟಿಕ್ಕಿಕೊಂಡು ಒಂಟಿಕಾಲಿನಲ್ಲಿ ನಿಂತ.

ಆಗ ಒಳಗೆ ಬಂದವನು ಮಾರ್ಟಿನಿಕ್ ದ್ವೀಪದ ತಿಬೋ. ಅಂಗಳದಲ್ಲಿ ಎಗ್ಬರ್ಟನ ಪಕ್ಕದಲ್ಲೇ ಅವನ ಫೈಬರ್ ದೋಣಿ ನಿಂತಿತ್ತು. ಮಿತಭಾಷಿ, ಬೆಳ್ಳಗಿನ ಗಡ್ಡ, ಸೊಂಟದಲ್ಲಿ ಚಾಕು. ಸಮುದ್ರವನ್ನೇ ಕುಡಿದವನ ಗತ್ತು. ಅವನು ಒಂದು ಕ್ಷಣ ಆಚೀಚೆ ನೋಡಿ, ಸೀದಾ ಬಂದು ಎಪಾಕ್ಸಿ ಪ್ರೈಮರನ್ನೇ ಎತ್ತಿಕೊಂಡು ಹೊರಟುಹೋದ. ಎಗ್ಬರ್ಟನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ‘ತಿಳಿದವರ ಲಕ್ಷಣ ಅಂದ್ರೆ ಇದು!’ ಎಂದುಕೊಂಡು ತಾನೂ ಅದನ್ನೇ ಕೊಂಡ.

ಮಧ್ಯಾಹ್ನ ಹೆಂಡತಿ ವೆರ್ಲೀನ್ ಊಟ ತಂದಳು. ಅವನು ತಿನ್ನುವಾಗ ಡಬ್ಬಿ ತಿರುಗಿಸಿ ಓದತೊಡಗಿದಳು.

“ರೀ, ಮೊದ್ಲು ಥಿನ್ನರಲ್ಲಿ ಅದ್ದಿದ ಬಟ್ಟೇಲಿ ಹಳೇ ಬಣ್ಣ ಒರೆಸಿ ನೋಡ್ಬೇಕಂತೆ. ಬಟ್ಟೆಗೆ ಬಣ್ಣ ಬಂದ್ರೆ ಇದನ್ನ ಹಚ್ಚಲೇಬಾರದಂತೆ.”

“ಆ ಡಬ್ಬಿ ಮಾಡಿದೋನು ವಿಂಡ್‌ವರ್ಡಲ್ಲಿ ಹುಟ್ಟಿದ್ದಾನೇನೇ?”

“ನೀವು ಹುಟ್ಟಿದ್ದೀರಲ್ಲ, ಏನು ಕಿಸಿದ್ರಿ?” ಎಂದು ವೆರ್ಲೀನ್ ಪಾತ್ರೆ ಎತ್ತಿಕೊಂಡು ನಡೆದಳು.

ಎಗ್ಬರ್ಟ್ ಪಕ್ಕಕ್ಕೆ ಕಣ್ಣು ಹಾಯಿಸಿದ. ತಿಬೋ ಏನನ್ನೂ ಒರೆಸುತ್ತಿರಲಿಲ್ಲ. ಅಂದಮೇಲೆ ಒರೆಸಬೇಕಾಗಿಲ್ಲ. ತಿಬೋ ನೆರಳಿನಲ್ಲಿ ಸುಮ್ಮನೆ ಕುಳಿತಿದ್ದ. ಓಹೋ, ಬಿಸಿಲು ಇಳಿಯಲೆಂದು ಕಾಯುತ್ತಿದ್ದಾನೆ! ಎಗ್ಬರ್ಟನೂ ಕುಳಿತ. ನೊಣ ಓಡಿಸಲು ಕೈ ಎತ್ತಿದರೆ ತಿಬೋನೂ ಕೈ ಎತ್ತಿದ. ಒಳ್ಳೆಯ ಮನುಷ್ಯ, ಎಷ್ಟು ಮರ್ಯಾದೆ! ವಾಸನೆ ನೋಡೋಣವೆಂದು ಎಗ್ಬರ್ಟ್ ಡಬ್ಬಿಯ ಮುಚ್ಚಳ ತೆಗೆದ. ಅಷ್ಟರಲ್ಲಿ ತಿಬೋ ಎದ್ದು ಬೆರೆಸಲು ಶುರುಮಾಡಿದ. ಸರಿ, ಇದೇ ಮುಹೂರ್ತ ಎಂದು ಇವನೂ ಬೆರೆಸಿ, ರೋಲರ್ ಹಿಡಿದು, ದೋಣಿಯ ಇಡೀ ಮೈಗೆ ಹಾಡು ಹೇಳಿಕೊಂಡು ಹಚ್ಚಿದ. ಭಾನುವಾರ ಚುಕ್ಕಾಣಿ ಹಿಡಿದು ನಿಂತ ತನ್ನ ಠೀವಿ ಆಗಲೇ ಕಣ್ಣಿಗೆ ಕಟ್ಟಿತ್ತು.

ಕೈ ತೊಳೆದು ಬಂದು ನೋಡುತ್ತಾನೆ, ಏನು ನೋಡುವುದು! ಕಾಯಿಸಿದ ಹಾಲಿನ ಕೆನೆಯಂತೆ ಪ್ರೈಮರ್ ಸುಕ್ಕುಗಟ್ಟಿ, ಕೆಳಗಿನ ಹಳೆಯ ಬಣ್ಣವನ್ನೂ ಎಬ್ಬಿಸಿಕೊಂಡು ಜೋತುಬಿದ್ದಿತ್ತು. ಎಲ್ಲ ಕೆರೆದು ಮತ್ತೆ ಹಚ್ಚಲು ಮುಂದಿನ ತಿಂಗಳೇ ಗತಿ. ಅಳು ಬಂತು. ಆಮೇಲೆ ಸಿಟ್ಟು ಬಂತು. ದಡದಡನೆ ತಿಬೋ ಹತ್ತಿರ ಹೋದ.

ತಿಬೋನ ದೋಣಿಯೂ ಥೇಟ್ ಹಾಗೆಯೇ ಸುಕ್ಕುಗಟ್ಟಿತ್ತು. ಎಗ್ಬರ್ಟನನ್ನು ಕಂಡದ್ದೇ ಅವನು ಕೈ ಹಿಡಿದುಕೊಂಡ.

“ಬನ್ನಿ ಸ್ವಾಮಿ, ನಿಮ್ಮನ್ನೇ ಕೇಳೋಣ ಅಂತಿದ್ದೆ. ಮುಂದೇನು ಮಾಡ್ಬೇಕು?”

“ನನ್ನನ್ನ ಕೇಳ್ತೀರಾ? ಈ ಡಬ್ಬಿ ಆರಿಸಿದ್ದು ನೀವು!”

“ನಾನಾ? ನಾನು ಹಲ್ಲಿನ ಡಾಕ್ಟ್ರು, ದೋಣಿ ಕೊಂಡು ಒಂದು ತಿಂಗಳಾಯ್ತು ಅಷ್ಟೆ. ಅಂಗಡೀಲಿ ನೀವು ಅದೇ ಡಬ್ಬಿ ಮೇಲೆ ಕೈಯಿಟ್ಟು ಧ್ಯಾನ ಮಾಡ್ತಿದ್ರಿ. ವಿಂಡ್‌ವರ್ಡಿನವರು ಅಂತ ಬಾಗಿಲಲ್ಲೇ ಕಿವಿಗೆ ಬಿತ್ತು. ಕಣ್ಣು ಮುಚ್ಚಿ ತಗೊಂಡೆ. ನೀವು ಊಟಕ್ಕೆ ಕೂತ್ರಿ, ನಾನೂ ಕೂತೆ. ಕೈ ಎತ್ತಿದ್ರಿ, ಎತ್ತಿದೆ. ಮುಚ್ಚಳ ತೆಗೆದ್ರಿ, ತೆಗೆದೆ.”

ಎಗ್ಬರ್ಟ್ ಮೆಲ್ಲಗೆ ಕೈ ಬಿಡಿಸಿಕೊಂಡ.

“ನಾನೊಬ್ನೇ ಅಲ್ಲ,” ಎಂದ ತಿಬೋ. “ಅಂಗಳದಲ್ಲಿದ್ದೋರಿಗೆಲ್ಲ ಹೇಳಿಬಿಟ್ಟೆ, ವಿಂಡ್‌ವರ್ಡಿನ ಮೇಸ್ತ್ರಿ ಇದನ್ನೇ ಹಚ್ತಿದ್ದಾರೆ ಅಂತ. ಎಲ್ರೂ ಹಚ್ಚಿದ್ರು. ಅಗೋ, ನಿಮ್ಮನ್ನೇ ಹುಡುಕ್ತಾ ಬರ್ತಿದ್ದಾರೆ.”

ಬರುತ್ತಿದ್ದವರ ಕೈಯಲ್ಲೆಲ್ಲ ಬಣ್ಣ ಕೆರೆಯುವ ಉಳಿಗಳಿದ್ದವು, ಮುಖಗಳು ಕೆಂಡವಾಗಿದ್ದವು. ಎಗ್ಬರ್ಟ್ ಚಪ್ಪಲಿ ಅಲ್ಲೇ ಬಿಟ್ಟು ಸಮುದ್ರಕ್ಕೆ ನುಗ್ಗಿದ. ಪುಣ್ಯಕ್ಕೆ ಅಭ್ಯಾಸಕ್ಕೆಂದು ಹಾಯಿ ಬಿಚ್ಚಿ ಹೊರಟಿದ್ದ ಹಡ್ಸನ್ ದಡದ ಹತ್ತಿರವೇ ಇದ್ದ.

“ಭಾವ, ಹತ್ತಿಸ್ಕೊಳ್ಳಿ! ನೀರು ಚೆಲ್ತೀನಿ!”

“ಯಾವ ನೀರೋ? ಒಂದು ತೊಟ್ಟೂ ಒಳಗೆ ಬಂದಿಲ್ಲ.”

“ಬರುತ್ತೆ ಭಾವ, ಬಂದೇ ಬರುತ್ತೆ. ಮೊದ್ಲು ಇಲ್ಲಿಂದ ಹೊರಡಿ!” ಎನ್ನುತ್ತ ಎಗ್ಬರ್ಟ್ ಅಂಚು ಹಿಡಿದು ಹತ್ತಿ, ಯಾರೂ ಹೇಳುವ ಮುಂಚೆಯೇ ದೋಣಿಯ ತಳಕ್ಕೆ ಹೋಗಿ ಕುಳಿತ.