ಭಾವನ ಮನೆಯ ಸಮುದ್ರ

ಕಪಿಲೆಯ ದಡದಲ್ಲಿ ಹುಟ್ಟಿ, ಕಪಿಲೆಯ ನೀರು ಕುಡಿದು ಬೆಳೆದು, ಕೊನೆಗೆ ಉಪ್ಪುನೀರಿಗೆ ಮರುಳಾದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಭಾವ! ನಂಜನಗೂಡಿನಿಂದ ಸಮುದ್ರ ನೋಡಬೇಕೆಂದರೆ ನೀವು ನಾವೆಲ್ಲ ಬಸ್ಸು ಹತ್ತಿ, ಘಟ್ಟ ಇಳಿದು, ಸೊಂಟ ಮುರಿದುಕೊಂಡು ಹೋಗಬೇಕು. ಭಾವನಿಗೆ ಆ ತಾಪತ್ರಯವಿಲ್ಲ. ಅವರ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಸಮುದ್ರವಿದೆ. ಅಳತೆ ನನ್ನದೇ. ನಾನು ತಿ. ನರಸೀಪುರದ ಸರ್ವೆ ಕಚೇರಿಯಲ್ಲಿ ಇರುವವನು. ಜನರ ಜಮೀನು ಅಳೆದು ಹದ್ದುಬಸ್ತು ಮಾಡಿಕೊಡುವುದು ನನ್ನ ಕೆಲಸ. ಕಂಡದ್ದನ್ನು ಕಂಡಷ್ಟೇ ಬರೆದು ಅಭ್ಯಾಸ. ಆದ್ದರಿಂದ ಇಲ್ಲಿ ಎಲ್ಲಾದರೂ ಅತಿಯಾಯಿತು ಅನ್ನಿಸಿದರೆ ಆ ಅತಿ ಭಾವನದು, ನನ್ನದಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಒಮ್ಮೆ ಜೊತೆಯ ಕೆಲಸಗಾರರೆಲ್ಲ ಸೇರಿ ಮಂಗಳೂರಿಗೆ ಪ್ರವಾಸ ಹೋದರು. ಬೇರೆಯವರು ಗೋಡಂಬಿ ತಂದರು, ಹಲ್ವ ತಂದರು. ಭಾವ ಎರಡು ಕ್ಯಾನು ಸಮುದ್ರದ ನೀರು ತಂದರು! ನಾಲ್ಕೇ ದಿನಕ್ಕೆ ಅದು ನಾರತೊಡಗಿತು. ಅಕ್ಕ ಮೂಗು ಮುಚ್ಚಿಕೊಂಡು ಚರಂಡಿಗೆ ಸುರಿದು ಕೈ ತೊಳೆದಳು. ಹುಚ್ಚು ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಅದು ಅಲ್ಲಿಂದಲೇ ಶುರುವಾಯಿತು.

ಒಂದು ತಿಂಗಳಲ್ಲಿ ಗಾಜಿನ ತೊಟ್ಟಿ ಬಂತು, ಬಿಳಿ ಮರಳು ಬಂತು, ಶುದ್ಧ ಮಾಡಿದ ನೀರಿಗೆ ಬೆರೆಸುವ ಸಮುದ್ರದ ಉಪ್ಪು ಬೆಂಗಳೂರಿನಿಂದ ಬಕೆಟ್ಟಿನಲ್ಲಿ ಬಂತು. ನೀರಿನ ಉಪ್ಪು ಅಳೆಯಲು ಒಂದು ಸಣ್ಣ ಕೊಳವೆಯೂ ಬಂತು. ಅದರ ಗಾಜಿನ ಮೇಲೆ ಒಂದು ತೊಟ್ಟು ನೀರು ಬಿಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಒಳಗೆ ಅಂಕಿ ಕಾಣುತ್ತದೆ. ಭಾವ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅದನ್ನು ಆಕಾಶಕ್ಕೆ ಎತ್ತಿ ಹಿಡಿಯುತ್ತಿದ್ದರು. ಜ್ಯೋತಿಷ್ಯ ಕಲಿಯುತ್ತಿದ್ದಾರೆ ಎಂದು ತಿಳಿದು ಪಕ್ಕದ ಬೀದಿಯವರೊಬ್ಬರು ಮಗಳ ಜಾತಕವನ್ನೇ ತಂದುಬಿಟ್ಟರು!

ಒಂದು ದಿನ ಊಟಕ್ಕೆ ಕುಳಿತ ಭಾವ, ಸಾರಿಗೆ ಉಪ್ಪು ಜಾಸ್ತಿ ಎಂದರು. ಇಲ್ಲ ಎಂದಳು ಅಕ್ಕ. ಭಾವ ಎಡಗೈಯಲ್ಲಿ ಆ ಕೊಳವೆ ತಂದು, ಒಂದು ತೊಟ್ಟು ಸಾರು ಬಿಟ್ಟು, ಕಿಟಕಿಯ ಕಡೆ ಹಿಡಿದು ನೋಡತೊಡಗಿದರು. ನಾನು ಪಕ್ಕದ ಎಲೆಯಲ್ಲಿದ್ದೆ.

"ಸಮುದ್ರುಕ್ಕಿಂತ ಕಮ್ಮಿ ಅದೆ ತಾನೇ?" ಎಂದಳು ಅಕ್ಕ.

"ಕಮ್ಮಿ ಅದೆ."

"ಹಂಗಾದ್ರೆ ಉಣ್ಣಿ."

ಇನ್ನು ಮೀನಿನ ವಿಷಯ. ಸಮುದ್ರ ಕಟ್ಟಿದವರು ಅದರಲ್ಲಿ ನೆಟ್ಟಗೆ ಈಜಾಡುವ, ಹಾಕಿದ್ದನ್ನು ತಿನ್ನುವ ಮೀನು ಬಿಡಬಹುದಿತ್ತಲ್ಲವೇ? ಬಿಟ್ಟರೆ ಅವರು ನಮ್ಮ ಭಾವ ಹೇಗಾಗುತ್ತಾರೆ! ಅವರು ಹುಡುಕಿ ತರಿಸಿದ್ದು ಲೆಪರ್ಡ್ ರಾಸ್ ಎಂಬ ಎರಡು ಮೀನುಗಳನ್ನು. ಮನೆಯಲ್ಲಿ ಅದಕ್ಕೆ ಚಿರತೆ ಮೀನು ಎಂದು ಹೆಸರಾಯಿತು. ನನ್ನ ತೋರುಬೆರಳಿನಷ್ಟು ಉದ್ದ, ಬಿಳಿ ಮೈತುಂಬ ಕಂದು ಮಚ್ಚೆ. ಹೆಸರಷ್ಟೇ ಚಿರತೆಯದು. ಹೆದರಿದರೆ ಮರಳಿನೊಳಗೆ ನುಗ್ಗಿ ಹೂತುಕೊಳ್ಳುತ್ತದೆ. ಸಂಜೆ ಐದೂವರೆಗೆ ನಿದ್ದೆ ಬಂದರೂ ಮರಳಿನೊಳಗೆ. ಊರು ಬದಲಾದ ಬೇಸರಕ್ಕೂ ಮರಳಿನೊಳಗೆ!

ಬಂದ ದಿನವೇ ಎರಡೂ ಒಳಗೆ ಹೋದವು. ಅದೇ ವಾರ ತಲಕಾಡಿನಿಂದ ನಮ್ಮ ದೊಡ್ಡಮ್ಮ, ಎಂದರೆ ನಮ್ಮ ತಾಯಿಯ ಅಕ್ಕ, ಮೀನು ನೋಡಲೆಂದೇ ಎರಡು ಬಸ್ಸು ಬದಲಾಯಿಸಿ ಬಂದರು. ತೊಟ್ಟಿಯ ಮುಂದೆ ಮುಕ್ಕಾಲು ಗಂಟೆ ಕುಳಿತರು.

"ಎಲ್ಲಿ ಅಳಿಯಂದ್ರೇ ಮೀನು?"

"ಒಳಗವೆ ಅತ್ತೆ. ಮರಳಲ್ಲಿ."

"ಯಾವಾಗ ಬತ್ತವೆ?"

"ಅವಕ್ಕೆ ಮನಸ್ಸು ಬಂದಾಗ."

ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ಎದ್ದರು. "ಮರ್ಳು ನೋಡಾಕೆ ತಲಕಾಡಿಂದ ಇಲ್ಗಂಟ ಬರ್ಬೇಕಿತ್ತಾ ನಾನು? ನಮ್ಮೂರಲ್ಲಿ ಗುಡ್ಡುಗಟ್ಲೆ ಬಿದ್ದದೆ!"

ಮರಳಿನಿಂದ ಮೇಲೆ ಬಂದರೂ ಸುಖವಿಲ್ಲ. ಈ ಮೀನು ಸಮುದ್ರದಲ್ಲಿ ಬಂಡೆಯಿಂದ ಬಂಡೆಗೆ ಹೋಗಿ, ನಮ್ಮ ಕಣ್ಣಿಗೆ ಸರಿಯಾಗಿ ಕಾಣದಂಥ ಹುಳುಗಳನ್ನು ಬೆಳಗಿನಿಂದ ಸಂಜೆಯವರೆಗೆ ಹೆಕ್ಕಿ ತಿನ್ನುವ ಜಾತಿ. ಒಂದೇ ಸಲ ಹೊಟ್ಟೆ ತುಂಬಿಸಿಕೊಳ್ಳಲು ಅದಕ್ಕೆ ಬಾರದು. ದಿನಕ್ಕೆ ಐದು ಸಲ, ಚೂರು ಚೂರೇ ಕೊಡಬೇಕು. ಫ್ರೀಜರಿನಲ್ಲಿಟ್ಟ ಸೀಗಡಿ ಮರಿಯನ್ನು ಕರಗಿಸಿ, ಕತ್ತರಿಯಿಂದ ಸಣ್ಣಗೆ ಮಾಡಿ, ಲೋಟದಲ್ಲಿ ಕಲಸಿ, ಪೆನ್ನಿಗೆ ಶಾಯಿ ತುಂಬುವ ಪಿಲ್ಲರಿನಲ್ಲಿ ತೊಟ್ಟು ತೊಟ್ಟಾಗಿ ಅದರ ಮೂತಿಯ ಮುಂದೆ ಬಿಡಬೇಕು. ಅದು ಮೊದಲು ಓರೆಗಣ್ಣಿನಿಂದ ನೋಡುತ್ತದೆ. ಆಮೇಲೆ ಯೋಚಿಸುತ್ತದೆ. ಮನಸ್ಸು ಒಪ್ಪಿದರೆ ಬಾಯಿ ಹಾಕುತ್ತದೆ. ಸರ್ಕಾರಿ ಕಚೇರಿಯಲ್ಲಿ ನಾವೂ ಇಷ್ಟು ಸತಾಯಿಸುವುದಿಲ್ಲ!

ಈ ಐದು ಹೊತ್ತಿನ ವ್ರತದಿಂದಾಗಿ ಭಾವ ಕಾರ್ಖಾನೆ ಬಿಟ್ಟರೆ ಎಲ್ಲಿಗೂ ಹೋಗದಂತಾಯಿತು. ಕಾರ್ಖಾನೆಯ ಹೊತ್ತಿನಲ್ಲಿ ಪಿಲ್ಲರು ಅಕ್ಕನ ಕೈಗೆ. ತಿ. ನರಸೀಪುರದಲ್ಲಿ ನಮ್ಮ ಹತ್ತಿರದವರ ಮದುವೆ. ಭಾವ ಬಂದರು, ಧಾರೆ ಎರೆದರು, ಅಕ್ಷತೆ ಹಾಕಿದರು, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಮಾಯ! ಮದುವೆಮನೆಯಲ್ಲಿ ಉಣ್ಣದೆ ಎದ್ದು ಹೋಗುವುದು ನಮ್ಮ ಕಡೆ ಸಣ್ಣ ಮಾತಲ್ಲ. ಯಾರು ಏನಂದರು, ಯಾರು ಕೂರಿಸಲಿಲ್ಲ ಎಂದು ಗುಸುಗುಸು ಎದ್ದಿತು. ಹೆಣ್ಣಿನ ತಂದೆ ಗಾಬರಿಯಾಗಿ, ಇಬ್ಬರು ಹಿರಿಯರ ಕೈಗೆ ಹಣ್ಣು ತಾಂಬೂಲ ಕೊಟ್ಟು, ಭಾವನ ಕೋಪ ಇಳಿಸಿ ಬರಲು ಕಾರಿನಲ್ಲಿ ನಂಜನಗೂಡಿಗೆ ಕಳಿಸಿದರು. ದಾರಿ ತೋರಿಸಲು ನಾನೂ ಹೋದೆ. ಭಾವ ಬನಿಯನ್ನಿನಲ್ಲಿ, ಪಿಲ್ಲರು ಹಿಡಿದು, ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದರು.

"ತಪ್ಪಾಗಿದ್ರೆ ಒಟ್ಟೆಗ್ ಆಕ್ಕಬೇಕು ಯಜಮಾನ್ರು," ಎಂದು ಹಿರಿಯರೊಬ್ಬರು ತಟ್ಟೆ ಮುಂದೆ ಹಿಡಿದರು.

"ಶ್! ಅಲ್ಲಾಡ್ಬೇಡಿ. ಈಗ್ತಾನೇ ಬಾಯಿ ಹಾಕ್ತಾ ಅದೆ."

ಹಿರಿಯರಿಬ್ಬರೂ ತಾಂಬೂಲ ಹಿಡಿದುಕೊಂಡು ಇಪ್ಪತ್ತೈದು ನಿಮಿಷ ಅಲ್ಲಾಡದೆ ನಿಂತರು. ವಾಪಸ್ಸು ಬರುವಾಗ ಕಾರಿನಲ್ಲಿ ಒಬ್ಬರು, "ಕೋಪ ಇಲ್ಲ. ಆದ್ರೆ ತಲೆ ನೆಟ್ಗಿಲ್ಲ," ಎಂದು ವರದಿ ಒಪ್ಪಿಸಿದರು.

ಈ ಜಾತಿಯ ಮೀನುಗಳು ಹುಟ್ಟುವಾಗ ಎಲ್ಲವೂ ಹೆಣ್ಣೇ ಅಂತೆ. ಗುಂಪಿನಲ್ಲಿ ಗಂಡು ಇಲ್ಲದಿದ್ದರೆ ದೊಡ್ಡದೊಂದು ತಾನೇ ಗಂಡಾಗುತ್ತದಂತೆ. ಭಾವ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಕ್ಕ ಅಡುಗೆಮನೆಯಿಂದ ಕೂಗುತ್ತಿದ್ದಳು: "ಈ ಮನೇಲೂ ಯಾರಾದ್ರೂ ಒಬ್ರು ಗಂಡಸಾಗಿ ಆ ನಲ್ಲಿ ರಿಪೇರಿ ಮಾಡ್ಸ್ಲಿ ಅಂತ ನಾನೂ ಕಾಯ್ತಾ ಇವ್ನಿ!"

ಹೋದ ವರ್ಷ ಅಕ್ಕ ತೀರಿಕೊಂಡಳು.

ಇದನ್ನು ನಿಧಾನವಾಗಿ ಬರೆಯುತ್ತೇನೆ. ಹೊಟ್ಟೆಯಲ್ಲಿ ಗೆಡ್ಡೆ. ಗೊತ್ತಾಗುವಾಗಲೇ ಹೊತ್ತು ಮೀರಿತ್ತು. ಮನೆಗೆ ಕರೆತಂದೆವು. ಅವರಿಗೆ ಮಕ್ಕಳಿಲ್ಲ. ಭಾವ ಆಗಲೇ ನಿವೃತ್ತರಾಗಿದ್ದರು. ಎರಡು ಗಂಟೆಗೊಮ್ಮೆ ಗಂಜಿಯ ಬಟ್ಟಲು ಹಿಡಿದು ಅವಳ ಪಕ್ಕ ಕೂರುವರು. ಒಂದು ಚಮಚ, ಆಮೇಲೆ ಕಾಯುವುದು, ಮತ್ತೊಂದು ಚಮಚ. "ನನ್ನೂ ಮೀನು ಮಾಡ್ಕೊಂಡ್ರಲ್ರೀ," ಎಂದು ಅವಳು ನಗುತ್ತಿದ್ದಳು. ಕೊನೆಯ ಒಂಬತ್ತು ದಿನ ಅವಳು ಏನನ್ನೂ ಮುಟ್ಟಲಿಲ್ಲ. ಭಾವ ಬಟ್ಟಲು ಹಿಡಿದು ಕೂರುವುದನ್ನು ಬಿಡಲಿಲ್ಲ.

ಮಣ್ಣು ಮಾಡಿ ಬಂದ ದಿನ ಭಾವ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಹೋಗಿ ಮೀನಿಗೆ ಹಾಕಿದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಮನೆ ತುಂಬ ನೆಂಟರು. "ಎಂಡ್ತಿ ಓಗವ್ಳೆ, ಇವ್ನಿಗೆ ಮೀನಿನ್ ಚಿಂತೆ," ಎಂದರು ಯಾರೋ. ನನಗೂ ಹಾಗೆಯೇ ಅನ್ನಿಸಿತ್ತು. ಅದನ್ನು ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ಆಮೇಲೂ ನಾನು ಹದಿನೈದು ದಿನಕ್ಕೊಂದು ಭಾನುವಾರ ಹೋಗುತ್ತಿದ್ದೆ. ಅಕ್ಕ ಇದ್ದಾಗ ನಮ್ಮಿಬ್ಬರ ಮಾತು ಅವಳ ಮೂಲಕವೇ ಹೋಗಿಬರುತ್ತಿತ್ತು. ನಾನು ಎದುರಿಗೇ ಇದ್ದರೂ, "ನಿನ್ ತಮ್ಮನಿಗೆ ಕಾಫಿ ಬೇಕಾ ಕೇಳು," ಎನ್ನುವರು ಭಾವ. ಈಗ ಕೇಳಲು ಯಾರಿದ್ದಾರೆ? ಎರಡು ಕುರ್ಚಿ ಹಾಕಿಕೊಂಡು ತೊಟ್ಟಿಯ ಮುಂದೆ ಕೂರುತ್ತಿದ್ದೆವು. ಎರಡು ಮೀನುಗಳಲ್ಲಿ ಒಂದು ಅಷ್ಟರಲ್ಲಿ ಮುಚ್ಚಳದ ಸಂದಿಯಿಂದ ಹಾರಿ ಬಿದ್ದು ಸತ್ತಿತ್ತು. ಉಳಿದದ್ದು ಒಂದು. ಅದನ್ನು ಇಬ್ಬರೂ ನೋಡುತ್ತಿದ್ದೆವು. ಒಂದು ಭಾನುವಾರ ನಾವಾಡಿದ ಮಾತನ್ನು ಬಸ್ಸಿನಲ್ಲಿ ಕುಳಿತು ಎಣಿಸಿದೆ. ಹನ್ನೊಂದು ವಾಕ್ಯ. ಒಂಬತ್ತು ಮೀನಿನ ಬಗ್ಗೆ, ಎರಡು ಬಸ್ಸಿನ ಬಗ್ಗೆ.

ಈ ವರ್ಷ ಪಿತೃಪಕ್ಷದ ಹೊತ್ತಿಗೆ ಭಾವ ಕಚೇರಿಗೆ ಫೋನು ಮಾಡಿದರು. ಹಿಂದೆಂದೂ ಮಾಡಿದವರಲ್ಲ. "ಒಳಗೆ ಹೋಗಿದ್ದು ಮೇಲೆ ಬಂದಿಲ್ಲ. ಎಂಟು ದಿನ ಆಯ್ತು," ಎಂದರು. ಮರಳು ಕೆದಕಿ ನೋಡಿ ಎಂದೆ. ಕೆದಕಬಾರದಂತೆ. ಬದುಕಿದ್ದರೆ ಆ ಹೆದರಿಕೆಗೇ ಸಾಯುತ್ತದಂತೆ. ಹನ್ನೊಂದನೆಯ ದಿನ ಅದು ತಾನೇ ಮೇಲೆ ಬಂತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಇನ್ನು ಎರಡು ಗಂಟೆಗೊಮ್ಮೆ ತಪ್ಪದೆ ನಾಲ್ಕು ತೊಟ್ಟು ಕೊಡಬೇಕು. ಒಂದು ಹೊತ್ತು ತಪ್ಪಿದರೆ ಮತ್ತೆ ಇಳಿದುಬಿಡಬಹುದು, ಆಮೇಲೆ ಏಳಲಾರದು ಎಂದರು ಭಾವ. ಅದಾದ ಮೂರನೆಯ ದಿನಕ್ಕೆ ಮಹಾಲಯ ಅಮಾವಾಸ್ಯೆ.

ವರ್ಷ ತುಂಬಿದ್ದರಿಂದ ಅಕ್ಕನಿಗೂ ಆ ದಿನ ಮೊದಲ ಎಡೆ. ದೊಡ್ಡಮ್ಮ ತಲಕಾಡಿನಿಂದ ಬಂದು ಸೆರಗು ಕಟ್ಟಿದರು. ಹೋದವರಿಗೆ ಇಷ್ಟವಾದ ಅಡುಗೆಯೆಲ್ಲ ಮಾಡಿ, ಎಲೆಗೆ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ ಬರಬೇಕು. ಅವರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಕಾಲಿಡಬಾರದು. ತೆಗೆಯುವ ಮುಂಚೆ ಬಾಗಿಲು ತಟ್ಟಿ ಸೂಚನೆ ಕೊಡಬೇಕು. ಆ ಮನೆಯಲ್ಲಿ ನಡುಮನೆಗೆ ಬಾಗಿಲಿಲ್ಲ. ಮುಚ್ಚಲು ಬಾಗಿಲಿದ್ದದ್ದು ಮೀನಿನ ಕೋಣೆಗೆ ಮಾತ್ರ!

"ಅವ್ಳಿಗೆ ಮೀನ್ ಸಾರು ಅಂದ್ರೆ ಪ್ರಾಣ. ಮಡುಗ್ಲೇಬೇಕು," ಎಂದರು ದೊಡ್ಡಮ್ಮ.

"ಅದ್ರ ಕಣ್ಮುಂದೆನಾ ಅತ್ತೆ?" ಎಂದರು ಭಾವ ಗಾಬರಿಯಿಂದ.

"ಇದು ಒಳೆ ಮೀನು, ಅದು ಸಮುದ್ರದ್ದು. ಅವಕ್ಕೇನ್ ನೆಂಟಸ್ತನ? ಸುಮ್ಕಿರಿ ಅಳಿಯಂದ್ರೇ."

ಮುದ್ದೆ, ಮೀನು ಸಾರು, ವಡೆ, ಪಾಯಸ, ಒಂದು ಹಸಿರು ಸೀರೆ. ಅಕ್ಕನ ಫೋಟೋದ ಮುಂದೆ ಎಲ್ಲ ಇಟ್ಟು ದೊಡ್ಡಮ್ಮ ಬಾಗಿಲು ಎಳೆದುಕೊಂಡಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಹನ್ನೆರಡು ಗಂಟೆ ಮೀನಿಗೆ ಹಾಕುವ ಹೊತ್ತು.

"ಎಷ್ಟೊತ್ತು ಅತ್ತೆ?"

"ಒಂದ್ ಗಂಟೆ. ಅವ್ಳು ನಿಧಾನುಕ್ಕೆ ಉಣ್ಣೋಳು."

ಭಾವ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಪಿಲ್ಲರು ಹಿಡಿದು ಬಾಗಿಲ ಮುಂದೆ ಅತ್ತಿಂದಿತ್ತ ನಡೆದಾಡತೊಡಗಿದರು. ಹನ್ನೆರಡಾಯಿತು. ಹನ್ನೆರಡೂ ಕಾಲಾಯಿತು. "ಎರಡೇ ನಿಮಿಷ ಒಳಗೋಗಿ ಬತ್ತೀನಿ," ಎಂದು ಮೂರು ಸಲ ಕೇಳಿದರು. ದೊಡ್ಡಮ್ಮ ಮೂರು ಸಲವೂ ತಲೆ ಅಲ್ಲಾಡಿಸಿದರು. ನಡೆದಾಡುವ ರಭಸಕ್ಕೆ ಲೋಟದ ನೀರು ನೆಲಕ್ಕೆ ಚೆಲ್ಲುತ್ತಿತ್ತು. ಹನ್ನೆರಡೂ ಇಪ್ಪತ್ತಕ್ಕೆ ದೊಡ್ಡಮ್ಮನ ಮನಸ್ಸೇ ಕರಗಿತು.

"ಓಗ್ಲಿ, ತಟ್ಟಿ ತೆಗೀರಿ. ಅದೂ ಒಂದು ಜೀವ. ಅವ್ಳೇನ್ ಬೇಜಾರ್ ಮಾಡ್ಕಳಾಕಿಲ್ಲ."

ಭಾವ ಬಾಗಿಲಿನ ಹತ್ತಿರ ಹೋದರು. ತಟ್ಟಲು ಕೈ ಎತ್ತಿದರು. ಎತ್ತಿದ ಕೈ ಹಾಗೆಯೇ ನಿಂತಿತು. ನಾನು ಎರಡು ಅಡಿ ದೂರದಲ್ಲಿದ್ದೆ.

"ಬೇಡ ಬುಡಿ ಅತ್ತೆ," ಎಂದರು. "ಉಣ್ಣೋವಾಗ ಎಬ್ಬಿಸ್ದಂಗಾಯ್ತದೆ."

ಲೋಟವನ್ನು ನೆಲದ ಮೇಲಿಟ್ಟು, ಬಾಗಿಲಿಗೆ ಒರಗಿ ಕುಳಿತರು. ನಾನೂ ಪಕ್ಕದಲ್ಲಿ ಕುಳಿತೆ. ಒಂದು ಗಂಟೆಗೆ ಭಾವ ಮೆಲ್ಲಗೆ ಮೂರು ಸಲ ತಟ್ಟಿ ಬಾಗಿಲು ತೆಗೆದರು.

ಮೀನು ಮರಳಿಗೆ ಇಳಿದಿರಲಿಲ್ಲ. ಗಾಜಿನ ಹತ್ತಿರವೇ ನಿಂತಿತ್ತು. ಭಾವ ಅದರ ಕಡೆ ತಿರುಗಲಿಲ್ಲ. ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಮುದ್ದೆ ನೋಡಿದರು, ವಡೆ ನೋಡಿದರು, ಬಗ್ಗಿ ಪಾಯಸ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಮುಖವೆಲ್ಲ ಒದ್ದೆಯಾಗಿತ್ತು.

"ಒಂದ್ ತುತ್ತೂ ಮುಟ್ಟಿಲ್ವಲ್ಲಪ್ಪ."

ನಾನು ಅವರ ಪಕ್ಕ ಕುಳಿತು ಸಾರಿನ ಬಟ್ಟಲನ್ನು ನೋಡಿದೆ. ದೊಡ್ಡಮ್ಮ ಅದನ್ನು ಕಂಠದವರೆಗೆ ತುಂಬಿದ್ದರು. ಅದು ಕಂಠದವರೆಗೇ ಇತ್ತು.

"ಇಲ್ಲ ಭಾವ. ಸಾರು ಒಂದು ಗೆರೆ ಇಳಿದಿದೆ," ಎಂದೆ. "ಇಲ್ಲಿ ನೋಡಿ."

ಭಾವ ಬಹಳ ಹೊತ್ತು ನೋಡಿದರು.

"ಹೂಂ. ಒಂಚೂರು ಇಳಿದದೆ," ಎಂದರು.

ಆಮೇಲೆ ಮುಖ ಒರೆಸಿಕೊಂಡು ಎದ್ದು, ಮೀನಿಗೆ ಹಾಕಿದರು. ಮೂರನೆಯ ತೊಟ್ಟಿಗೆ ಅದು ಬಾಯಿ ಹಾಕಿತು.