ಹಿಲ್ಡಿಂಗ್ ಒಂಟಿಯೆಂದು ಸರ್ವಾನುಮತದಿಂದ ಅಂಗೀಕರಿಸಲಾಯಿತು

ಮಾರ್ಚ್ ಹದಿನಾಲ್ಕನೆಯ ತಾರೀಖು, ಗುರುವಾರ, ಸಂಜೆ ಆರೂವರೆಗೆ ಸೇರಿದ ಗ್ರಾನ್‌ಸೆಲೆ ಭಾರ ಎತ್ತುವವರ ಸಂಘದ ವಾರ್ಷಿಕ ಮಹಾಸಭೆಯು, ಕಾರ್ಯಸೂಚಿಯ ಹನ್ನೊಂದನೆಯ ವಿಷಯದಡಿ, ಶ್ರೀ ಹಿಲ್ಡಿಂಗ್ ಓಕರ್‌ಲುಂಡ್, ವಯಸ್ಸು ಎಪ್ಪತ್ತೊಂದು, ಇವರನ್ನು ಒಂಟಿ ವ್ಯಕ್ತಿ ಎಂದು ಸರ್ವಾನುಮತದಿಂದ ಘೋಷಿಸಿತು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ಹಿಲ್ಡಿಂಗನ ಮತವೂ ಪರವಾಗಿಯೇ ಇತ್ತು. ಸಭೆಯ ನಂತರ ಕಾಫಿ ಮತ್ತು ಏಲಕ್ಕಿ ಬನ್ನು ಹಂಚಲಾಯಿತು. ನಿರ್ಣಯ ಆಗಲೇ ಜಾರಿಗೆ ಬಂದಿದ್ದರಿಂದ ಹಿಲ್ಡಿಂಗನಿಗೆ ಬನ್ನು ಕೊಡಲಿಲ್ಲ.

ನಾನು ಸದರಿ ಸಂಘದ ಕಾರ್ಯದರ್ಶಿ. ನಡಾವಳಿ ಬರೆದವನು ನಾನೇ, ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ. ಉಳಿದ ತಪ್ಪುಗಳನ್ನು ತೂಗುವ ಅಧಿಕಾರ ಕಾರ್ಯದರ್ಶಿಗೆ ಇಲ್ಲ.

ನಮ್ಮ ಸಂಘ ಹಳೆಯ ಹಾಲಿನ ಡೈರಿಯ ನೆಲಮಾಳಿಗೆಯಲ್ಲಿದೆ. ನಲವತ್ತೊಂದು ಸದಸ್ಯರು, ನಾಲ್ಕು ಬೆಂಚು, ಲೆಕ್ಕವಿಲ್ಲದಷ್ಟು ಕಬ್ಬಿಣ. ಗ್ರಾನ್‌ಸೆಲೆಯ ಜನ ಮಾತಿಗೆ ಬಹಳ ಜಿಪುಣರು. ಮನೆಯಿಂದ ಹೊರಡುವ ಮುನ್ನ ಬಾಗಿಲ ಕಿಂಡಿಯಲ್ಲಿ ಇಣುಕಿ, ಮೆಟ್ಟಿಲ ಮೇಲೆ ನೆರೆಯವರು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಚಿಲಕ ತೆಗೆಯುತ್ತೇವೆ. ಅದು ಒಂಟಿತನವಲ್ಲ, ಮರ್ಯಾದೆ. ಆದರೆ ನೆಲಮಾಳಿಗೆಯಲ್ಲಿ ಒಂದು ವಾಡಿಕೆ ಇತ್ತು. ಯಾರಾದರೂ ಬೆಂಚಿನ ಮೇಲೆ ಅಂಗಾತ ಮಲಗಿ ಭಾರದ ಬಾರನ್ನು, ಅಂದರೆ ತೂಕದ ಪ್ಲೇಟು ಸಿಕ್ಕಿಸುವ ಕಬ್ಬಿಣದ ಸರಳನ್ನು, ಎದೆಯಿಂದ ಮೇಲಕ್ಕೆ ತಳ್ಳುವಾಗ, ಇನ್ನೊಬ್ಬರು ತಲೆಯ ಹಿಂದೆ ಬಂದು ನಿಲ್ಲುತ್ತಿದ್ದರು. ಬಾರಿನ ಕೆಳಗೆ ಕೈ ಒಡ್ಡಿಕೊಂಡು, ಮುಟ್ಟದೆ. ಸೋತರೆ ಹಿಡಿಯುವುದಕ್ಕೆ. ಇದಕ್ಕೆ ಯಾರೂ ಕರೆಯಬೇಕಿರಲಿಲ್ಲ, ಯಾವ ಠರಾವೂ ಬೇಕಿರಲಿಲ್ಲ.

ಹಿಲ್ಡಿಂಗನ ಹಿಂದೆ ನಿಲ್ಲುತ್ತಿದ್ದವನು ರೂನೆ, ನಿವೃತ್ತ ಬಸ್ ಚಾಲಕ, ಸಂಘದ ಆಡಳಿತ ಮಂಡಳಿಯ ಸದಸ್ಯ. ಹಿಲ್ಡಿಂಗ್ ನಲವತ್ತು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸ ಹರಿತ ಮಾಡಿದವನು. ಎರಡು ವರ್ಷದ ಹಿಂದೆ ಹೆಂಡತಿ ಆಲ್ಮಾ ತೀರಿಕೊಂಡ ಮೇಲೆ ವಾರಕ್ಕೆ ಮೂರು ಸಂಜೆ ತಪ್ಪದೆ ಬರುತ್ತಿದ್ದ. ರೂನೆ "ಇನ್ನೊಂದು" ಅನ್ನುತ್ತಿದ್ದ, ಹಿಲ್ಡಿಂಗ್ ಇನ್ನೊಂದು ತಳ್ಳುತ್ತಿದ್ದ. ಆಮೇಲೆ ಇಬ್ಬರೂ ಒಂದೇ ಫ್ಲಾಸ್ಕಿನಿಂದ ಕಾಫಿ ಕುಡಿದು ಮನೆಗೆ ಹೋಗುತ್ತಿದ್ದರು. ವಾರವಿಡೀ ಹಿಲ್ಡಿಂಗನ ಜೊತೆ ಬೇರೆ ಯಾರೂ ಮಾತಾಡುತ್ತಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು, ಆದ್ದರಿಂದಲೇ ಅವನು ಬಂದಾಗ ಎಲ್ಲರೂ ನಮಸ್ಕಾರದ ಬದಲು ತಲೆ ಆಡಿಸುತ್ತಿದ್ದೆವು.

ಹೀಗೆ ಎಲ್ಲವೂ ನೆಟ್ಟಗಿದ್ದಾಗ ನಮ್ಮ ಅಧ್ಯಕ್ಷೆ ಸೀವ್‌ಗೆ ಒಂದು ಸೌನಾ, ಅಂದರೆ ಕೂತು ಬೆವರುವ ಬಿಸಿ ಕೋಣೆ, ಬೇಕೆನಿಸಿತು. ಬೇರೆ ಸಂಘಗಳಿಗೆ ಸೌನಾ ಇದೆ, ನಾವು ಮಾತ್ರ ಬೆವರಲು ಕೆಲಸ ಮಾಡಬೇಕಾಗಿದೆ ಎಂಬುದು ಆಕೆಯ ವಾದ. ಸೀವ್ ಹಿಡಿದ ಮೊಲಕ್ಕೆ ಮೂರೇ ಕಾಲು. ಅದೇ ಹೊತ್ತಿಗೆ ಪುರಸಭೆ 'ಬೆಚ್ಚನೆಯ ಸಂಘ' ಎಂಬ ಯೋಜನೆ ಹೊರಡಿಸಿತು: ಪರಸ್ಪರ ಆಸರೆಯ ಸಮುದಾಯ ಕಟ್ಟಿ ಒಂಟಿತನ ಕಡಿಮೆ ಮಾಡಿದ ಸಂಘಕ್ಕೆ ಪುರಸಭೆಯೇ ಸೌನಾ ಕಟ್ಟಿಸಿಕೊಡುವುದು. ಪರಿಶೀಲನೆಗೆ ಪೆರ್ನಿಲ್ಲಾ ಎಂಬ ಸಂಯೋಜಕಿ ಬಂದಳು. ಕಬ್ಬಿಣದ ನಡುವೆ ಜಾಗ ಮಾಡಿಕೊಂಡು ಕೂತು ಫಾರಂ ಬಿಚ್ಚಿದಳು.

"ನಿಮ್ಮಲ್ಲಿ ಒಂಟಿಯಾಗಿರೋರು ಎಷ್ಟು ಜನ?"

"ಒಬ್ಬರೂ ಇಲ್ಲ," ಎಂದಳು ಸೀವ್, ಹೆಮ್ಮೆಯಿಂದ.

ಪೆರ್ನಿಲ್ಲಾಳ ಮುಖ ಇಳಿದುಹೋಯಿತು. "ಅಯ್ಯೋ. ಹಾಗಾದ್ರೆ ಕಷ್ಟ."

"ಯಾಕೆ? ಎಲ್ರೂ ಚೆನ್ನಾಗೇ ಇದೀವಲ್ಲ."

"ಅದೇ ನೋಡು ತೊಂದ್ರೆ. ಇರೋದನ್ನ ಕಮ್ಮಿ ಮಾಡಬಹುದು, ಇಲ್ದೇ ಇರೋದನ್ನ ಹೇಗೆ ಕಮ್ಮಿ ಮಾಡ್ತೀಯ? ಪಕ್ಕದೂರಲ್ಲಿ ಐಸ್ ಮೇಲೆ ಕಲ್ಲು ಜಾರಿಸೋ ಕರ್ಲಿಂಗ್ ಸಂಘ ಇದೆಯಲ್ಲ, ಅದ್ರಲ್ಲಿ ಆರು ಜನ ಇದಾರೆ. ಆರೂ ಜನ ಚೆನ್ನಾಗಿ ಅಳ್ತಾರೆ."

"ಆರಾ?" ಸೀವ್‌ಳ ಕಣ್ಣಲ್ಲಿ ಹೊಟ್ಟೆಕಿಚ್ಚು ನಾನೇ ಕಂಡೆ. "ನಮಗೆ ಒಬ್ಬ ಸಾಕಾಗಲ್ವಾ?"

"ಸಾಕು. ಆದ್ರೆ ನಿಜವಾದೋನು ಇರ್ಬೇಕು. ತೊಂಬತ್ತು ದಿನ ಒಂಟಿಯಾಗಿದ್ದ ಅನ್ನೋದಕ್ಕೆ ದಾಖಲೆ ಬೇಕು. ಆಮೇಲೆ ನೀವು ಸೇರಿಸ್ಕೋಬೇಕು."

ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬಂಥ ಸ್ಥಿತಿ ನಮ್ಮದಾಯಿತು. ಮೊದಲು ಹೊರಗಿನಿಂದ ತರಿಸುವ ಪ್ರಯತ್ನ ನಡೆಯಿತು. 'ಒಂಟಿಗಳು ಬೇಕಾಗಿದ್ದಾರೆ, ಅನುಭವವಿದ್ದವರಿಗೆ ಆದ್ಯತೆ' ಎಂದು ದಿನಸಿ ಅಂಗಡಿಯ ಫಲಕಕ್ಕೆ ಚೀಟಿ ಅಂಟಿಸಿದೆವು. ಮೂರು ವಾರದ ಮೇಲೆ ಕಂದು ಬಣ್ಣದ ಕೋಟಿನ ಒಬ್ಬ ಮನುಷ್ಯ ಬಂದ. ಬಾಗಿಲಲ್ಲಿ ಒಂಬತ್ತು ಜನ ಬನ್ನು ಹಿಡಿದು ಸಾಲಾಗಿ ನಿಂತಿದ್ದು ನೋಡಿ, "ಗ್ಯಾಸ್ ಮೀಟರ್ ನೋಡೋಕೆ ಬಂದಿದ್ದೆ," ಎಂದು ಹೇಳಿ ಹೊರಟುಹೋದ. ನಮ್ಮೂರಲ್ಲಿ ಗ್ಯಾಸ್ ಮೀಟರುಗಳೇ ಇಲ್ಲ.

ಆದ್ದರಿಂದ ಮಹಾಸಭೆಯಲ್ಲಿ ಸೀವ್ ಒಳಗಿನಿಂದಲೇ ನೇಮಕ ಮಾಡುವ ಪ್ರಸ್ತಾಪ ಇಟ್ಟಳು.

"ಹಿಲ್ಡಿಂಗ್, ನೀನು ಮನೇಲಿ ಒಬ್ನೇ ಅಲ್ವಾ?"

"ಹೂಂ. ಆಲ್ಮಾ ಹೋದಾಗಿಂದ."

"ಮಕ್ಕಳು?"

"ಇಲ್ಲ. ಒಂದು ಬೆಕ್ಕಿತ್ತು."

"ಇತ್ತು ಅಂದ್ರೆ?"

"ಅದೂ ಹೋಯ್ತು, ಕ್ರಿಸ್ಮಸ್ ಹೊತ್ತಿಗೆ."

ಸೀವ್ ಸಭೆಯ ಕಡೆ ತಿರುಗಿದಳು. "ನೋಡಿ, ಅರ್ಧ ಕೆಲಸ ಅವನೇ ಮುಗಿಸ್ಕೊಂಡು ಬಂದಿದಾನೆ!"

"ಆದ್ರೆ ನಂಗೆ ಇಲ್ಲಿ ನೀವೆಲ್ಲ ಇದೀರಲ್ಲ," ಎಂದ ಹಿಲ್ಡಿಂಗ್.

"ಅದೊಂದು ಕೊರತೆ ಇದೆ, ಒಪ್ತೀನಿ. ಅದನ್ನ ಸರಿಪಡಿಸಬಹುದು."

ನಮ್ಮ ಸಭೆಗಳ ಪದ್ಧತಿ ಹೇಳಬೇಕು. ಅಧ್ಯಕ್ಷರು "ಸಭೆ ಒಪ್ಪುತ್ತದೆಯೇ?" ಎಂದು ಕೇಳುತ್ತಾರೆ. ಎಲ್ಲರೂ ಒಟ್ಟಿಗೆ "ಹೌದು" ಅನ್ನುತ್ತಾರೆ. ಸುತ್ತಿಗೆ ಮೇಜಿಗೆ ಬೀಳುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು, ಅದೂ ಒಕ್ಕೊರಲಿನಿಂದ. ಒಮ್ಮೆ, ಪರದೆಯ ಬಣ್ಣದ ವಿಷಯದಲ್ಲಿ, ಒಬ್ಬ "ಇಲ್ಲ" ಅಂದಿದ್ದ. ಅವನು ಆ ಬೇಸಿಗೆಯಲ್ಲೇ ಊರು ಬಿಟ್ಟ. ಹಿಲ್ಡಿಂಗನಂತೂ ಮಿಲ್ಲಿನ ಕಾರ್ಮಿಕ ಸಂಘದ ಸಭೆಗಳಲ್ಲಿ ನಲವತ್ತು ವರ್ಷ ಕೂತವನು. ಪ್ರಶ್ನೆ ಕಿವಿಗೆ ಬೀಳುವ ಮೊದಲೇ ಅವನ ಬಾಯಿ ತೆರೆಯುತ್ತದೆ.

"ಹಿಲ್ಡಿಂಗ್ ಒಂಟಿ ಎಂಬುದನ್ನು ಸಭೆ ಒಪ್ಪುತ್ತದೆಯೇ?"

"ಹೌದು."

ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಅವನೇ. ಹೇಳಿದ ಮೇಲೆ ಏನು ಹೇಳಿದೆ ಎಂದು ಪಕ್ಕದ ರೂನೆಯ ಮುಖ ನೋಡಿದ. ರೂನೆಯೂ ಹೌದು ಎಂದಿದ್ದ. ನಾನೂ ಎಂದಿದ್ದೆ.

"ಸೀವ್, ಅದು ಬಾಯಿ ತಪ್ಪಿ ಬಂತು ಕಣೇ. ವಾಪಸ್ ತಗೋಬಹುದಾ?"

"ಸುತ್ತಿಗೆ ಬಿದ್ದಾಯ್ತಲ್ಲ, ಹಿಲ್ಡಿಂಗ್."

ಸುತ್ತಿಗೆ ಬಿದ್ದಿದ್ದು ನಿಜ. ಆ ಸಂಜೆ ನಡಾವಳಿಯನ್ನು ದೃಢೀಕರಿಸಲು ಆಯ್ಕೆಯಾದ ಇಬ್ಬರಲ್ಲಿ ಹಿಲ್ಡಿಂಗನೂ ಒಬ್ಬ. ಓದಿ ನೋಡಿದ, ಸರಿಯಾಗಿದೆ ಎಂದ, ಸಹಿ ಹಾಕಿದ.

ಮರುದಿನ ಗೋಡೆಗೆ ಪ್ರಕಟಣೆ ಅಂಟಿಸಲಾಯಿತು:

"ಎಲ್ಲ ಸದಸ್ಯರ ಗಮನಕ್ಕೆ. ಪರಸ್ಪರ ಆಸರೆಯ ಸಮುದಾಯವನ್ನು ಬಲಪಡಿಸುವ ಸಲುವಾಗಿ, ಇಂದಿನಿಂದ ತೊಂಬತ್ತು ದಿನ ಶ್ರೀ ಹಿಲ್ಡಿಂಗ್ ಇವರೊಂದಿಗೆ ಮಾತಾಡತಕ್ಕದ್ದಲ್ಲ. ತಲೆ ಆಡಿಸುವುದನ್ನೂ ಮಾತೆಂದೇ ಪರಿಗಣಿಸಲಾಗುವುದು. ಅವರ ಬೆಂಚಿನ ಹಿಂದೆ ನಿಲ್ಲತಕ್ಕದ್ದಲ್ಲ. ಸುರಕ್ಷತೆಯ ದೃಷ್ಟಿಯಿಂದ ಅವರು ಪ್ಲೇಟುಗಳಿಲ್ಲದ ಖಾಲಿ ಬಾರನ್ನು ಮಾತ್ರ ಎತ್ತತಕ್ಕದ್ದು. ಬಾರು ಎದೆಯ ಮೇಲೆ ಸಿಕ್ಕಿಕೊಂಡ ಸಂದರ್ಭದಲ್ಲಿ, ಎತ್ತಿ ಇಡಬಹುದು, ಆದರೆ ಸ್ನೇಹಭಾವವಿಲ್ಲದೆ. ಒಬ್ಬರಿಗೊಬ್ಬರು ಆಸರೆಯಾಗೋಣ."

ಹಿಲ್ಡಿಂಗ್ ಎಂದಿನಂತೆ ವಾರಕ್ಕೆ ಮೂರು ಸಂಜೆ ಬಂದ. ಮೂಲೆಯ ಬೆಂಚಿನಲ್ಲಿ ಮಲಗಿ ಖಾಲಿ ಬಾರನ್ನು ಎತ್ತಿದ, ಇಳಿಸಿದ. ಮೊದಲ ವಾರ ರೂನೆ ಮರೆತು ಅವನ ತಲೆಯ ಹಿಂದೆ ಹೋಗಿ ನಿಂತ.

"ಹೋಗೋ ಮಾರಾಯಾ," ಎಂದ ಹಿಲ್ಡಿಂಗ್, ತುಟಿ ಅಲುಗಿಸದೆ. "ಸೌನಾ ತಪ್ಪಿಹೋಗತ್ತೆ."

"ಸುಮ್ನೆ ನಿಂತ್ಕೋತೀನಿ. ಮಾತಾಡಲ್ಲ."

"ನಿಲ್ಲೋದೇ ಮಾತು ಕಣೋ. ಹೋಗು, ಸೀವ್ ನೋಡ್ತಿದಾಳೆ."

ರೂನೆ ಹೋದ. ನಾನು ದಿನಚರಿ ಪುಸ್ತಕದಲ್ಲಿ 'ಆರನೆಯ ದಿನ, ಒಂಟಿತನ ತೃಪ್ತಿಕರ' ಎಂದು ಬರೆದೆ. ಮೂವತ್ತನೆಯ ದಿನದಿಂದ ಹಿಲ್ಡಿಂಗ್ ಫ್ಲಾಸ್ಕು ತರುವುದನ್ನು ನಿಲ್ಲಿಸಿದ. ಅರವತ್ತನೆಯ ದಿನದ ಹೊತ್ತಿಗೆ ಬೇರೆಯವರು ನಗುವಾಗ ಅವನು ಎದ್ದು ಬಟ್ಟೆ ಬದಲಿಸುವ ಕೋಣೆಗೆ ಹೋಗತೊಡಗಿದ. ಸೀವ್ ನನ್ನ ಪುಸ್ತಕ ಓದಿ, "ಕರ್ಲಿಂಗ್‌ನೋರಿಗೆ ಇಂಥವನು ಸಿಕ್ಕಿಲ್ಲ ಬಿಡು," ಎಂದು ಮೆಚ್ಚಿದಳು. ಹಿಲ್ಡಿಂಗ್ ಫ್ಲಾಸ್ಕು ಇಡುತ್ತಿದ್ದ ಜಾಗವನ್ನು ನಾನು ಎರಡು ಸಲ ನೋಡಿದೆ. ಅದನ್ನು ಬರೆಯಲು ಪುಸ್ತಕದಲ್ಲಿ ಕಲಂ ಇರಲಿಲ್ಲ.

ಜೂನ್ ಹದಿಮೂರರಂದು ಸೇರ್ಪಡೆ ದಿನಾಚರಣೆ. ಪೆರ್ನಿಲ್ಲಾ ಕ್ಯಾಮೆರಾ ತಂದಳು. ಸ್ಟ್ರಾಬೆರಿ ಕೇಕು, ಏಳು ಬಗೆಯ ಬಿಸ್ಕತ್ತು, ಬಾವುಟಗಳು. ಸರಿಯಾಗಿ ಐದು ಗಂಟೆಗೆ ಸೀವ್ ಸೀಟಿ ಊದಿದಳು, ನಲವತ್ತು ಜನ ಹಿಲ್ಡಿಂಗನಿಗೆ ತಲೆ ಆಡಿಸಿದೆವು. ರೂನೆ ಓಡಿಹೋಗಿ ಅವನ ಬೆಂಚಿನ ಹಿಂದೆ ನಿಂತ. ಬಾರಿಗೆ ಪ್ಲೇಟು ಹಾಕಿದೆವು. ಮೂರು ತಿಂಗಳು ಖಾಲಿ ಬಾರು ಎತ್ತಿದ ತೋಳು ನಡುಗುತ್ತಿತ್ತು. "ಇನ್ನೊಂದು," ಎಂದ ರೂನೆ. ಹಿಲ್ಡಿಂಗ್ ಇನ್ನೊಂದು ತಳ್ಳಿದ. ಮೇಲೆದ್ದು ಕೂತು ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಅದು ಬೆವರಲ್ಲ.

"ಬಹಳ ಚೆನ್ನಾಗಿ ಬಂತು!" ಎಂದಳು ಪೆರ್ನಿಲ್ಲಾ. "ಸೌನಾ ಮಂಜೂರು. ಮುಂದಿನ ಸೇರ್ಪಡೆ ಸೆಪ್ಟೆಂಬರ್‌ನಲ್ಲಿ ಅಲ್ವಾ?"

"ಮುಂದಿನದಾ?" ಎಂದಳು ಸೀವ್.

"ಯೋಜನೆ ಮೂರು ವರ್ಷದ್ದು. ಮೂರು ತಿಂಗಳಿಗೊಂದು ಸೇರ್ಪಡೆ. ಫಾರಮ್ಮಿನ ಹಿಂಬದಿ ಓದಿಲ್ವಾ?"

ನಾವು ಹಿಂಬದಿ ಓದಿರಲಿಲ್ಲ. ಮಂಡಳಿ ನಿಂತಲ್ಲೇ ತುರ್ತು ಸಭೆ ಸೇರಿತು. ಹೊಸಬರನ್ನು ತಯಾರು ಮಾಡುವುದಕ್ಕಿಂತ ಅನುಭವಿಯನ್ನೇ ಮುಂದುವರಿಸುವುದು ಸೂಕ್ತವೆಂದು ತೀರ್ಮಾನವಾಯಿತು. ಇಂದಿನಿಂದಲೇ ಹೊಸ ತೊಂಬತ್ತು ದಿನ ಆರಂಭ.

ಹಿಲ್ಡಿಂಗನ ಕೈಯಲ್ಲಿ ಆಗಷ್ಟೇ ಕೊಟ್ಟ ಕಾಫಿ ಇತ್ತು. "ಇದನ್ನ ಮುಗಿಸಬಹುದಾ?" ಎಂದು ಕೇಳಿದ.

ಸೀವ್ ನಿಯಮ ನೋಡಿದಳು. ಆಕೆ ಕೆಟ್ಟ ಹೆಂಗಸಲ್ಲ. "ಕಪ್ ಖಾಲಿ ಆಗೋವರೆಗೆ ನೀನು ಸೇರಿರ್ತೀಯ," ಎಂದಳು.

ಆ ಒಂದು ಕಪ್ ಕಾಫಿಯನ್ನು ಹಿಲ್ಡಿಂಗ್ ಒಂದು ಗಂಟೆ ಹತ್ತು ನಿಮಿಷ ಕುಡಿದ. ತುಟಿಗೆ ತಾಗಿಸುತ್ತಿದ್ದ, ಇಳಿಸುತ್ತಿದ್ದ. ರೂನೆ ಪಕ್ಕದಲ್ಲಿ ಕೂತು ಬಸ್ಸಿನ ಹಳೆಯ ಕಥೆಗಳನ್ನೆಲ್ಲ ಒಂದರ ಮೇಲೊಂದು ಅವಸರದಲ್ಲಿ ಹೇಳಿದ. ಕೊನೆಗೆ ಪಾತ್ರೆ ತೊಳೆಯುವ ಸರದಿಯವರು, "ನಮಗೂ ಮನೆ ಇದೆ," ಎಂದು ಗೊಣಗಿದರು. ಹಿಲ್ಡಿಂಗ್ ತಳದ ತಣ್ಣನೆಯ ಗುಟುಕು ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು, ಮೆಟ್ಟಿಲು ಹತ್ತಿದ.

ಆಗಸ್ಟಿನಲ್ಲಿ ಸೌನಾ ಬಂತು. ಒಳ್ಳೆಯ ಪೈನ್ ಮರದ್ದು. ಬಾಗಿಲ ಮೇಲೆ 'ಒಟ್ಟಿಗೆ ಬೆಚ್ಚಗೆ' ಎಂಬ ಹಿತ್ತಾಳೆಯ ಫಲಕ. ಹಿಲ್ಡಿಂಗ್ ಆ ಬೇಸಿಗೆಯಲ್ಲಿ ಮೊದಲು ವಾರಕ್ಕೆ ಎರಡು ಸಂಜೆ ಬಂದ, ಆಮೇಲೆ ಒಂದು, ಆಮೇಲೆ ಬರಲೇ ಇಲ್ಲ. ಪೆರ್ನಿಲ್ಲಾ ಇದನ್ನು 'ಗುರಿ ಮೀರಿದ ಸಾಧನೆ' ಎಂಬ ಕಲಮಿನಲ್ಲಿ ನಮೂದಿಸಿದಳು. ರೂನೆ ಒಂದು ಅರ್ಜಿ ಕೊಟ್ಟ: ತನ್ನನ್ನೂ ಒಂಟಿಯೆಂದು ಘೋಷಿಸಿ ಹಿಲ್ಡಿಂಗನ ಜೊತೆಗೆ ಇರಲು ಬಿಡಬೇಕು. ಇಬ್ಬರು ಜೊತೆಗಿದ್ದರೆ ಒಂಟಿತನ ಸಾಬೀತಾಗುವುದಿಲ್ಲವಾದ್ದರಿಂದ ಅರ್ಜಿ ತಿರಸ್ಕೃತವಾಯಿತು.

ಸೆಪ್ಟೆಂಬರಿನ ಸೇರ್ಪಡೆ ದಿನ ಐದು ಗಂಟೆಗೆ ಸೀಟಿ ಊದಿದರೂ ತಲೆ ಆಡಿಸಲು ಎದುರಿಗೆ ಯಾರೂ ಇರಲಿಲ್ಲ. ಸೀವ್, ರೂನೆ, ನಾನು, ಕೇಕು ಹಿಡಿದು ಅವನ ಮನೆಗೆ ಹೋದೆವು. ಹಿಲ್ಡಿಂಗ್ ಬಾಗಿಲನ್ನು ಅದರ ಸರಪಳಿ ಬಿಡುವಷ್ಟು ಮಾತ್ರ ತೆರೆದ.

"ಬಾರೋ," ಎಂದ ರೂನೆ. "ಇವತ್ತು ನಿನ್ನ ಸೇರಿಸ್ಕೋತೀವಿ."

"ಎಷ್ಟು ಹೊತ್ತು?"

ಸೀವ್ ಕೇಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಹೊರಗಿರೋದು ರೂಢಿಯಾಗಿದೆ ರೂನೆ," ಎಂದ ಹಿಲ್ಡಿಂಗ್, ಸಮಾಧಾನದಿಂದ. "ಒಳಗೆ ಕರ್ಕೊಂಡು ಮತ್ತೆ ಹೊರಗೆ ಹಾಕ್ತೀರಲ್ಲ, ಅದನ್ನ ಎತ್ತೋಕೆ ನನ್ ಕೈಲಾಗಲ್ಲ. ಈ ಸಲ ನನ್ನ ಬಿಟ್ಟುಬಿಡಿ. ಸಂಘಕ್ಕೆ ತೊಂದ್ರೆ ಆಗದ ಹಾಗೆ ಏನಾದ್ರೂ ಬರ್ಕೊಳ್ಳಿ."

ರೂನೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಸೀವ್ ಪೆರ್ನಿಲ್ಲಾಗೆ ಫೋನು ಮಾಡಿದಳು. ನಿಯಮಗಳಲ್ಲಿ ಇದಕ್ಕೂ ಅವಕಾಶವಿತ್ತು.

ಅದರಂತೆ ಶ್ರೀ ಹಿಲ್ಡಿಂಗ್ ಓಕರ್‌ಲುಂಡ್ ಇವರನ್ನು ಸೆಪ್ಟೆಂಬರ್ ಹನ್ನೆರಡರಂದು ಅವರ ಗೈರುಹಾಜರಿಯಲ್ಲಿ ಸಮುದಾಯಕ್ಕೆ ಸೇರಿಸಿಕೊಳ್ಳಲಾಯಿತು. ಕೇಕನ್ನು ಹಾಜರಿದ್ದವರು ತಿಂದರು. ಪ್ರಮಾಣಪತ್ರವನ್ನು ಅಂಚೆಯಲ್ಲಿ ಕಳಿಸಿದೆವು, ಜೊತೆಗೆ ಸಹಿ ಮಾಡಿ ಮರಳಿಸಬೇಕಾದ ಸ್ವೀಕೃತಿ ಚೀಟಿ. ಮೂರೇ ದಿನದಲ್ಲಿ ಚೀಟಿ ವಾಪಸ್ಸು ಬಂತು. ಸಹಿ ಅಚ್ಚುಕಟ್ಟಾಗಿತ್ತು. ಷರಾ ಎಂಬಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು: "ರೂನೆಗೆ ನನ್ನ ನಮಸ್ಕಾರ ತಿಳಿಸಿ."

ಈ ವಿಷಯ ಮಂಡಳಿಯ ಮುಂದೆ ಬಂತು. ಅಷ್ಟರಲ್ಲಿ ಹಿಲ್ಡಿಂಗನ ಮುಂದಿನ ತೊಂಬತ್ತು ದಿನ ಶುರುವಾಗಿತ್ತು. ಆದ್ದರಿಂದ ಸದರಿ ನಮಸ್ಕಾರವನ್ನು ತಿಳಿಸತಕ್ಕದ್ದಲ್ಲ, ಕಡತದಲ್ಲಿ ಇಡತಕ್ಕದ್ದು ಎಂದು ನಿರ್ಣಯವಾಯಿತು. ರೂನೆ ಆ ಸಭೆಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ, ಎಲ್ಲವನ್ನೂ ಕೇಳಿಸಿಕೊಂಡ, ಮತ್ತು ಒಪ್ಪಿದ.